ದಮ್ಮು ಬಂತೆಂದರೆ ಬಿಡು

ಪಿಪಲ್‌ಖೇಡಾ ಏರ್‌ಸ್ಟ್ರಿಪ್, ಮಧ್ಯಪ್ರದೇಶ
9 ನವೆಂಬರ್ 2003

ಉಸ್ತಾದ ಜಹಾಂಗೀರ ಅವರಿಗೆ ನಿಮ್ಮ ವೀರೇಂದ್ರನ ನಮಸ್ಕಾರ.

ಹೋದ ವಾರ ಫೋನ್ ಮಾಡಿ ಕೂಗಿ ಕೂಗಿ ಗಂಟಲು ಹರಿದುಕೊಂಡೆ. ನಾನು ‘ಎಂಜಿನ್ನು’ ಅಂದರೆ ನೀವು ‘ಯಾರು, ನಿಂಗಣ್ಣನೇನು?’ ಅಂದಿರಿ. ಬೂತಿನವನು ಬಿದ್ದು ಬಿದ್ದು ನಕ್ಕ. ನಿಮ್ಮ ಕಿವಿ ಇಷ್ಟು ಮಂದವಾಗಿದೆ ಅಂತ ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ನಿಮ್ಮ ಗ್ಯಾರೇಜಿನಲ್ಲಿ ಕೆಲಸ ಕಲಿತವನು, ಈಗ ಕಾಗದದಲ್ಲಿ ಕೇಳುವ ಹಾಗಾಯಿತು.

ಹಲಗೇರಿಯ ಶಾರದವ್ವನ ಮಗ ರುದ್ರಮುನಿ ನನ್ನನ್ನು ಇಲ್ಲಿಗೆ ಕರೆತಂದದ್ದು ನಿಮಗೆ ಗೊತ್ತೇ ಇದೆ. ಅವನು ಪೈಲಟ್, ನಾನು ಮೆಕ್ಯಾನಿಕ್. ನಮ್ಮದು ಎರಡು ಸೀಟಿನ ಮೋಟರು ಗ್ಲೈಡರ್. ಉದ್ದನೆಯ ರೆಕ್ಕೆ, ಸಣ್ಣ ಎಂಜಿನ್. ಮೇಲಿನಿಂದ ಹೊಲ, ಕಾಲುವೆಗಳ ಫೋಟೋ ತೆಗೆಯುವ ಕೆಲಸ. ಈ ಎಂಜಿನ್ನಿಗೆ ಪಿಸ್ಟನ್ ಇಲ್ಲ ಉಸ್ತಾದ್. ನಗಬೇಡಿ, ಖರೇನೇ ಇಲ್ಲ. ನಡು ಸ್ವಲ್ಪ ಒಳಸೇರಿದ ದುಂಡನೆಯ ಲೋಹದ ಮನೆಯೊಳಗೆ ಉಬ್ಬಿದ ಸಮೋಸಾದಂಥ ಮೂರು ಮೂಲೆಯ ರೋಟರು ಸುತ್ತುತ್ತದೆ. ಪ್ರತಿ ಮೂಲೆಗೂ ಒಂದು ತೆಳ್ಳನೆಯ ಸೀಲು ಪಟ್ಟಿ, ಅದರ ಕೆಳಗೆ ಸ್ಪ್ರಿಂಗು. ನಮ್ಮ ಪಿಸ್ಟನ್ನಿಗೆ ರಿಂಗು ಹೇಗೋ ಇದಕ್ಕೆ ಈ ಪಟ್ಟಿ ಹಾಗೆ. ಪಟ್ಟಿಗಳು ಗೋಡೆಗೆ ಒತ್ತಿಕೊಂಡೇ ಸವರುವುದರಿಂದ ಒಳಗೆ ಮೂರು ಕೋಣೆಗಳಾಗುತ್ತವೆ. ಫ್ಯಾನನ್ನು ಕೈಯಿಂದ ತಿರುಗಿಸಿದರೆ ಫುಸ್, ಫುಸ್, ಫುಸ್ ಅಂತ ಮೂರು ಸಲ ಉಸಿರು ಬಿಡುತ್ತದೆ. ಇಲ್ಲಿಯವರು ಕಂಪ್ರೆಶನ್ ಅನ್ನುತ್ತಾರೆ, ನಮ್ಮ ಗ್ಯಾರೇಜಿನ ಮಾತಿನಲ್ಲಿ ದಮ್ಮು.

ಈಗ ಆ ದಮ್ಮೇ ಕಡಿಮೆಯಾಗಿದೆ. ಬಿಸಿಯಾದ ಮೇಲೆ ಸ್ಟಾರ್ಟ್ ಆಗುವುದಿಲ್ಲ, ಮೇಲೆ ಏರುವಾಗ ಜೋರು ಸಾಲದು. ಬಿಚ್ಚಿ ನೋಡಬೇಕು ಅಂದೆ. ನಮ್ಮ ಮಾಲೀಕ ಸೇಠ ಒಪ್ಪುತ್ತಿಲ್ಲ. ಬಿಚ್ಚಿದರೆ ಸೀಲುಗಳನ್ನು ಹೊರದೇಶದಿಂದ ತರಿಸಬೇಕು, ಅಲ್ಲಿಯವರೆಗೆ ಕೆಲಸ ನಿಲ್ಲುತ್ತದೆ, ಹೊರಗಿನಿಂದಲೇ ಪತ್ತೆ ಹಚ್ಚು ಅನ್ನುತ್ತಾನೆ. ರುದ್ರಮುನಿ ಮಾತ್ರ ನಗುತ್ತಾನೆ. “ಸೇಠ ಏನರ ಅನ್ನಲಿ. ನೀ ಹೂಂ ಅಂದ್ರ ಹತ್ತತೇನಿ, ಇಲ್ಲಂದ್ರ ಹತ್ತಂಗಿಲ್ಲ” ಅನ್ನುತ್ತಾನೆ. ಅವನು ನಕ್ಕಷ್ಟೂ ನನಗೆ ಹೆದರಿಕೆ. ಅವನ ಜೀವ ನನ್ನ ಒಂದು ‘ಹೂಂ’ ಮೇಲೆ ನಿಂತಿದೆಯಲ್ಲ. ಏನು ಮಾಡಲಿ, ಬರೆಯಿರಿ.

ನಿಮ್ಮ
ವೀರೇಂದ್ರ


ರಾಣೆಬೆನ್ನೂರು
16 ನವೆಂಬರ್ 2003

ಚಿ. ವೀರೇಂದ್ರನಿಗೆ ಜಹಾಂಗೀರನ ದುವಾ.

ಕಾಗದದಲ್ಲಿ ಶಾಲೆಯ ಭಾಷೆಯನ್ನೇ ಬರೆಯಬೇಕು ಅಂತ ನಮ್ಮ ಕನ್ನಡ ಸಾಲಿ ಮಾಸ್ತರರು ಹೊಡೆದು ಕಲಿಸಿದ್ದಾರೆ. ಹಾಗಾಗಿ ಇದನ್ನು ಬರೆದವನು ನಿನ್ನ ಉಸ್ತಾದನೇ ಹೌದೋ ಅಲ್ಲವೋ ಅಂತ ಅನುಮಾನ ಪಡಬೇಡ.

ಪಿಸ್ಟನ್ ಇಲ್ಲದ ಎಂಜಿನ್ ಅಂದರೆ ಬೀಗರಿಲ್ಲದ ಮದುವೆ. ನಿನ್ನ ಚಾಚಿ ಬಿಸ್ಮಿಲ್ಲಾಬಿಗೆ ಹೇಳಿದೆ, “ಒಳಗ ಸಮೋಸಾ ತಿರುಗಿದ್ರ ಇಮಾನ ಹಾರತದಂತ ನೋಡ.” ಅವಳು, “ಹಂಗಾರ ಇಷ್ಟ ವರ್ಷ ನಾ ಕರದದ್ದಕ್ಕ ನಮ್ಮ ಮನೀನ ಹಾರಿ ಹೋಗಬೇಕಾಗಿತ್ತು” ಅಂದಳು. ನಕ್ಕು ಸಾಕಾಯಿತು.

ನಿನ್ನ ಹೆದರಿಕೆ ಒಳ್ಳೆಯದೇ. ಹೆದರದ ಮೆಕ್ಯಾನಿಕ್‌ನ ಹತ್ತಿರ ನಾನು ನನ್ನ ಸೈಕಲ್ ಕೂಡ ಬಿಡುವುದಿಲ್ಲ. ಆದರೆ ನೀನು ಮುಖ್ಯವಾದದ್ದನ್ನೇ ಬರೆದಿಲ್ಲ. ಮನೆಯಲ್ಲಿ ಜಗಳ ಅಂದರೆ ಸಾಲದು, ಯಾರ ಯಾರ ನಡುವೆ ಅಂತ ಹೇಳಬೇಕು. ಮೂರೂ ಕೋಣೆಯ ದಮ್ಮು ಕಡಿಮೆಯೋ, ಒಂದರದ್ದೋ, ಎರಡರದ್ದೋ? ಗೇಜು ಹಚ್ಚಿ ನೋಡಿ ಬರೆ. ನನಗಂತೂ ಈಗ ಎಂಜಿನ್ನಿನ ಸಪ್ಪಳ ಸರಿಯಾಗಿ ತಿಳಿಯುವುದಿಲ್ಲ, ಪೆಟ್ರೋಲ್ ಟಾಕಿಯ ಮೇಲೆ ಅಂಗೈ ಇಟ್ಟು ನೋಡುತ್ತೇನೆ. ಮಗ ಜಾಕೀರ್ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಪಾಳಿಗೆ ಹೋಗುತ್ತಾನೆ, ಅಂಗಡಿಗೆ ನಾನೊಬ್ಬನೇ.

ಶಾರದವ್ವ ಮೊನ್ನೆ ಸಂತೆಗೆ ಬಂದಾಗ ಅಂಗಡಿಯ ಮುಂದೆ ನಿಂತಿದ್ದಳು. ಹತ್ತಿಬೀಜದ ಪ್ಲಾಟಿನಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸ ಅಂತೆ, ಆಳು ಸಿಗುವುದಿಲ್ಲ ಅಂತೆ. “ನನ್ನ ಮಗಾ ಮ್ಯಾಲೆ ಹಾರತಾನ, ನಾ ಕೆಳಗ ಹೂವಾ ಮುಟಗೋತ ಕುಂತೇನಿ” ಅಂತ ಹೇಳಿ ನಕ್ಕಳು. ಅವಳಿಗೆ ಎಂಜಿನ್ನಿನ ವಿಷಯ ಹೇಳಿಲ್ಲ.

ಜಹಾಂಗೀರ


ಪಿಪಲ್‌ಖೇಡಾ
22 ನವೆಂಬರ್ 2003

ಉಸ್ತಾದ್,

ಗೇಜು ಹಚ್ಚಿ ನೋಡಿದೆ. ಒಂದು ಕೋಣೆ ಗಟ್ಟಿ, ಎರಡು ಕೋಣೆ ಬಡಕಲು. ಕೈಯಿಂದ ತಿರುಗಿಸಿದರೂ ತಿಳಿಯುತ್ತದೆ: ಫುಸ್ಸ್, ಆಮೇಲೆ ಎರಡು ಸಲ ಬರೀ ಗಾಳಿ. ಅಂದರೆ ಆ ಎರಡೂ ಕೋಣೆಗಳ ನಡುವಿನ ಮೂಲೆಯ ಪಟ್ಟಿಯಲ್ಲಿಯೇ ದೋಷ. ಇಷ್ಟು ಖಾತ್ರಿ.

ಖಾತ್ರಿ ಇಲ್ಲದ್ದು ಮುಂದಿನದು. ಪಟ್ಟಿ ಮಸಿ ಕಟ್ಟಿ ತಾನು ಕೂತ ಸಂದಿಯಲ್ಲಿ ಸಿಕ್ಕಿಕೊಂಡಿದೆಯೋ, ಅಥವಾ ಸೀಳಿದೆಯೋ? ಸಿಕ್ಕಿಕೊಂಡಿದ್ದರೆ ಬಿಡಿಸಬಹುದು. ಸೀಳಿದ್ದರೆ ಮೇಲೆ ಹೋದಾಗ ಚೂರು ಕಿತ್ತು ಗೋಡೆಯನ್ನು ಗೀರಿ ಎಂಜಿನ್ ಒಮ್ಮೆಲೇ ಸಾಯುತ್ತದೆ. ಹೊಗೆಯ ಬಾಯಿಯಿಂದ ಬ್ಯಾಟರಿ ಬಿಟ್ಟು ನೋಡಿದೆ, ತಂತಿಯಿಂದ ಒತ್ತಿದೆ. ಸ್ವಲ್ಪ ಅಲುಗಿತು. ಸೀಳು ಕಾಣಲಿಲ್ಲ, ಕಾಣದಷ್ಟು ಸಣ್ಣದಿರಲೂಬಹುದು.

ಡಿಸೆಂಬರ್ ಎಂಟಕ್ಕೆ ಸರ್ವೆ ಶುರುವಾಗಲೇಬೇಕಂತೆ. ಸೇಠ ಬೇರೆ ಮೆಕ್ಯಾನಿಕ್‌ನನ್ನು ಕರೆಸುತ್ತೇನೆ ಅನ್ನುತ್ತಿದ್ದಾನೆ. ಬಂದವನು ಕಣ್ಣುಮುಚ್ಚಿ ಹೂಂ ಅನ್ನುತ್ತಾನೆ. ತಡಮಾಡಬೇಡಿ.

ವೀರೇಂದ್ರ


ಬ್ಯಾಡಗಿ
28 ನವೆಂಬರ್ 2003
(ಕಾರ್ಡು)

ವೀರೇಂದ್ರ,

ನಿನ್ನ ಕಾಗದ ಹೊರಡುವಾಗ ಸಿಕ್ಕಿತು. ಖಾರದ ಗಿರಣಿಯ ಎಂಜಿನ್ ರಿಪೇರಿಗೆ ಇಲ್ಲಿಗೆ ಬಂದಿದ್ದೇನೆ. ಕಣ್ಣು ಮೂಗು ಎಲ್ಲ ಉರಿ. ಒಂದು ಚಮಚ ಎಣ್ಣೆ ಪ್ಲಗ್ಗಿನ ತೂತಿನಿಂದ ಹಾಕು. ಕೈಯಿಂದ ನಾಲ್ಕು ಸುತ್ತು ತಿರುಗಿಸಿ ದಮ್ಮು ನೋಡು. ಬರದಿದ್ದರೆ ಪಟ್ಟಿ ಮಸಿಯಲ್ಲಿ ಸಿಕ್ಕಿದೆ, ಸೀಮೆಎಣ್ಣೆಯಲ್ಲಿ ನೆನೆಸಿ ಮತ್ತೆ ನೋಡು. ದಮ್ಮು ಬಂತೆಂದರೆ ಬಿಡು. ಜಾಗ ಮುಗಿಯಿತು. ಬಸ್ಸೂ ಬಂತು. ದುವಾ.

ಜಹಾಂಗೀರ


ಪಿಪಲ್‌ಖೇಡಾ
5 ಡಿಸೆಂಬರ್ 2003

ಉಸ್ತಾದ್, ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕು!

ಕಾರ್ಡು ಬಂತು. ನೀವು ಹೇಳಿದಂತೆ ಎಣ್ಣೆ ಹಾಕಿ ತಿರುಗಿಸಿದೆ. ದಮ್ಮು ಬಂತು! ಮೂರಕ್ಕೆ ಮೂರೂ ಸಮ. ಫುಸ್, ಫುಸ್, ಫುಸ್. ಇನ್ನೊಮ್ಮೆ ತಿರುಗಿಸಿದೆ, ಹಾಗೆಯೇ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡೆ. ರುದ್ರಮುನಿ ಪಕ್ಕದಲ್ಲೇ ಕೂತು, “ಉಸ್ತಾದರ ಕಾರ್ಡ ಅಂದ್ರ ಡಾಕ್ಟರ ಚೀಟಿ ಇದ್ದಂಗ ನೋಡಲೇ” ಅಂದ. ಅವನಿಗೆ ಹೂಂ ಅಂದೆ. ಸೋಮವಾರ ಬೆಳಿಗ್ಗೆ ಬಿಡುತ್ತೇವೆ.

ಊರಿಗೆ ಬಂದಾಗ ಚಾಚಿಯ ಕೈಯ ಸಮೋಸಾ ಬೇಕು. ಒಳಗೆ ಸೀಲು ಇಲ್ಲದ್ದು.

ನಿಮ್ಮ
ವೀರೇಂದ್ರ


ರಾಣೆಬೆನ್ನೂರು
14 ಡಿಸೆಂಬರ್ 2003

ಚಿ. ವೀರೇಂದ್ರ,

ರುದ್ರಮುನಿಯನ್ನು ಬುಧವಾರ ತಂದರು. ಹಲಗೇರಿಯ ಅವರ ಹೊಲದಲ್ಲಿಯೇ ಮಣ್ಣು ಮಾಡಿದರು. ನಾನೂ ಜಾಕೀರನೂ ಹೋಗಿದ್ದೆವು. ಶಾರದವ್ವ ಅಳಲಿಲ್ಲ. ಬಂದವರಿಗೆಲ್ಲ “ಕುಂದ್ರಿ, ಕುಂದ್ರಿ” ಅನ್ನುತ್ತಿದ್ದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಪೊಲೀಸರು ನಿನ್ನನ್ನು ಅಲ್ಲಿಯೇ ಇಟ್ಟುಕೊಂಡಿದ್ದಾರೆ, ಚೌಕಶಿ ಮುಗಿಯುವವರೆಗೆ ಬಿಡುವುದಿಲ್ಲ ಅಂತ ಹೆಣದ ಜೊತೆ ಬಂದವರು ಹೇಳಿದರು. ಸ್ಟ್ರಿಪ್ ದಾಟಿದ ಕೂಡಲೇ ಎಂಜಿನ್ ನಿಂತಿತಂತೆ, ತಿರುಗಿಸಿ ತರಲು ಹೋದಾಗ ರೆಕ್ಕೆ ನೆಲಕ್ಕೆ ತಾಗಿತಂತೆ. ಇನ್ನೂ ಸ್ವಲ್ಪ ಎತ್ತರ ಇದ್ದಿದ್ದರೆ ತೇಲಿ ಇಳಿಯಬಹುದಿತ್ತು ಅಂದರು.

ನಿನ್ನ ಐದನೇ ತಾರೀಖಿನ ಕಾಗದ ನಿನ್ನೆ ಬಂತು. ಓದಿದೆ. ಅದರ ಬಗ್ಗೆ ಈಗ ಏನೂ ಬರೆಯುವುದಿಲ್ಲ. ನೀನು ಏನಾದರೂ ಉಣ್ಣುತ್ತೀಯೋ ಇಲ್ಲವೋ ಅದನ್ನಷ್ಟು ತಿಳಿಸು.

ಜಹಾಂಗೀರ


ಪಿಪಲ್‌ಖೇಡಾ
20 ಜನವರಿ 2004

ಜಹಾಂಗೀರ ಅವರಿಗೆ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮನಸ್ಸಾಗಲಿಲ್ಲ.

ಎಂಜಿನ್ ಬಿಚ್ಚಿದರು. ಮೂಲೆಯ ಪಟ್ಟಿ ಎರಡು ತುಂಡಾಗಿತ್ತು. ಒಂದು ಸಣ್ಣ ಚೂರು ಗೋಡೆಯನ್ನು ಉದ್ದಕ್ಕೂ ಉತ್ತಿತ್ತು. ಚೌಕಶಿಗೆ ಬಂದ ಎಂಜಿನಿಯರು ನನ್ನನ್ನು ಕೇಳಿದ, ದಮ್ಮು ಕಡಿಮೆಯಿದ್ದದ್ದು ಗೊತ್ತಿದ್ದೂ ಯಾಕೆ ಬಿಟ್ಟೆ ಅಂತ. ಎಣ್ಣೆ ಹಾಕಿದ ಮೇಲೆ ಸರಿಯಾಯಿತು ಅಂದೆ. ಅವನು ನನ್ನ ಮುಖ ನೋಡಿದ. ಎಣ್ಣೆ ಸಣ್ಣ ಸೀಳನ್ನು ಮುಚ್ಚುತ್ತದೆ, ನಾಲ್ಕು ನಿಮಿಷದಲ್ಲಿ ಸುಟ್ಟುಹೋಗುತ್ತದೆ, ಆಮೇಲೆ ಸೀಳು ಇದ್ದಲ್ಲೇ ಇರುತ್ತದೆ ಅಂದ. ಎಣ್ಣೆ ಹಾಕಿ ದಮ್ಮು ಬಂದರೆ ಅದೇ ಸೀಳಿಗೆ ಸಾಕ್ಷಿ, ಇದು ನಿನಗೆ ಯಾರು ಹೇಳಿದರು ಅಂತ ಕೇಳಿದ. ಯಾರೂ ಹೇಳಿಲ್ಲ, ನಾನೇ ಮಾಡಿದೆ ಅಂದೆ. ಹಾಗಂತಲೇ ಬರೆದು ಸಹಿ ಮಾಡಿದ್ದೇನೆ. ನಿಮ್ಮ ಹೆಸರು ಎಲ್ಲಿಯೂ ಇಲ್ಲ, ಹೆದರಬೇಡಿ.

ಒಂದೇ ಮಾತು ಕೇಳಬೇಕು. ನಿಮಗೆ ಈ ಎಂಜಿನ್ ತಿಳಿಯದಿದ್ದರೆ ತಿಳಿಯದು ಅಂತ ಬರೆಯಬಹುದಿತ್ತಲ್ಲ? ನಾನು ಕಾಯುತ್ತಿದ್ದೆ. ಸೇಠನ ಕಾಲು ಹಿಡಿಯುತ್ತಿದ್ದೆ. ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಬರೆಯಬೇಕೆಂದಿದ್ದೆ. ಸಿಟ್ಟಿದೆ.

ವೀರೇಂದ್ರ


ರಾಣೆಬೆನ್ನೂರು
1 ಫೆಬ್ರವರಿ 2004

ವೀರೇಂದ್ರ,

ಹೌದು. ನನಗೆ ಆ ಎಂಜಿನ್ ತಿಳಿಯಲಿಲ್ಲ. ಪಿಸ್ಟನ್ನಿನ ಬುದ್ಧಿಯನ್ನು ಅದಕ್ಕೆ ಹಚ್ಚಿದೆ. ತಿಳಿಯದೆ ಬರೆದೆ, ತಪ್ಪು ನನ್ನದು. ನಾನು ಹೇಳಿದಂತೆ ಮಾಡಿದವನು ನೀನು, ನಿನ್ನದೇನೂ ಇಲ್ಲ. ಚೌಕಶಿಯವರಿಗೆ ಬೇಕಾದರೆ ನನ್ನ ಹೆಸರು ಹೇಳು, ಬಂದು ಸಹಿ ಮಾಡುತ್ತೇನೆ.

ಕೆಲಸ ಬಿಡಬೇಡ. ಇದನ್ನು ಮಾತ್ರ ಕೇಳು.

ಜಹಾಂಗೀರ


ಹಾವೇರಿ
18 ಮಾರ್ಚ್ 2004

ಉಸ್ತಾದರಿಗೆ,

ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಕೆಲಸದಿಂದ ತೆಗೆದರು. ರುದ್ರಮುನಿಯ ಚೀಲ ನನ್ನ ಖೋಲಿಯಲ್ಲೇ ಉಳಿದಿತ್ತು, ಅದನ್ನು ಕೊಡಲು ನಿನ್ನೆ ಹಲಗೇರಿಗೆ ಹೋಗಿದ್ದೆ.

ಶಾರದವ್ವ ಚಹಾ ಕೊಟ್ಟರು. ಚೀಲವನ್ನು ಬಿಚ್ಚಲಿಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಕೂತರು. ನಾನು ಅವರ ಕಾಲು ಹಿಡಿದು, ತಪ್ಪು ಉಸ್ತಾದರದು, ಆದರೆ ಹೂಂ ಅಂದವನು ನಾನು ಅಂದೆ. ಅವರು ಹೇಳಿದರು:

“ತಮ್ಮಾ, ನಿನ್ನ ಉಸ್ತಾದ ನಿನಗ ಹೇಳಬ್ಯಾಡ್ರಿ ಅಂದಾನ. ನನ್ನ ಕೈಲೆ ಆಗೂದಿಲ್ಲಪಾ. ಮಗನ ಭಾರ ಹೊತ್ತೇನಿ, ನಿಮ್ಮಿಬ್ಬರ ಮಾತಿನ ಭಾರ ಹೊರೂದು ಆಗೂದಿಲ್ಲ. ಉಸ್ತಾದ ಬಿಡು ಅಂತ ಬರದಿದ್ದು ಹಾರಸು ಅಂತಲ್ಲ. ಎಣ್ಣಿ ಹಾಕಿದ ಮ್ಯಾಲೆ ದಮ್ಮ ಬಂದ್ರ ಪಟ್ಟಿ ಸೀಳೇತಿ ಅಂತ ಅರ್ಥ ಅಂತ. ಆ ಇಂಜಿನ್ ಕೈಬಿಡು, ಅದರ ತಂಟೇಕ ಹೋಗಬ್ಯಾಡ ಅಂತ ಬರದಾನ ಅಂವ.”

ನನಗೆ ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಕೂರಲು ಆಗಲಿಲ್ಲ, ಎದ್ದು ನಿಂತೆ.

ಉಸ್ತಾದ್, ರಿಪೇರಿ ಮುಗಿದ ಗಾಡಿಯ ಸೀಟು ತಟ್ಟಿ ನೀವು ‘ಬಿಡು’ ಅನ್ನುತ್ತಿದ್ದಿರಿ, ನಾನು ಗಾಡಿಯನ್ನು ರಸ್ತೆಗೆ ಇಳಿಸುತ್ತಿದ್ದೆ. ಯಾವುದಕ್ಕೂ ಬಾರದ ಗಾಡಿ ಬಂದರೆ ಕೈ ಝಾಡಿಸಿ ‘ಬಿಡು’ ಅನ್ನುತ್ತಿದ್ದಿರಿ, ನಾನು ಅದನ್ನು ಮೂಲೆಗೆ ತಳ್ಳುತ್ತಿದ್ದೆ. ಅಷ್ಟು ವರ್ಷದಲ್ಲಿ ಒಮ್ಮೆಯೂ ನಾನು ತಪ್ಪಲಿಲ್ಲ. ನಿಮ್ಮ ಕೈ ಕಾಣುತ್ತಿತ್ತು. ಕಾರ್ಡಿನಲ್ಲಿ ಕೈ ಇರಲಿಲ್ಲ. ನನಗೆ ಅದನ್ನು ಹಾರಿಸಬೇಕಾಗಿತ್ತು, ಅದಕ್ಕೇ ಕಣ್ಣು ಹಾಗೆ ಓದಿತು. ಅನುಮಾನ ಅಂತ ಒಂದು ಕ್ಷಣ ಕೂಡ ಬರಲಿಲ್ಲವಲ್ಲ!

ಶಾರದವ್ವ ಇನ್ನೊಂದು ಮಾತು ಅಂದರು. “ಉಸ್ತಾದಗ ಫೋನ್ ಕೇಳಸೂದಿಲ್ಲ ಖರೆ. ನಮ್ಮ ಮನ್ಯಾಗ ಫೋನ್ ಐತೆಲ್ಲೋ. ನನಗ ಒಂದ ಮಾತ ಹೇಳಿದ್ರ ನಾನ ಬಸ್ ಹತ್ತಿ ಹೋಗಿ ಕೇಳಿ ಬರತಿದ್ನಿ. ರಾಣೆಬೆನ್ನೂರ ಎಷ್ಟ ದೂರ?” ಬೈದು ಹೇಳಲಿಲ್ಲ. ನಿಜವಾಗಿಯೂ ಕೇಳಿದರು.

ನಿಮಗೆ ಎಲ್ಲ ಗೊತ್ತಿತ್ತು. ನನ್ನ ಐದನೇ ತಾರೀಖಿನ ಕಾಗದ ಓದಿದಾಗಲೇ ಗೊತ್ತಾಗಿರಬೇಕು. ಆದರೂ ತಿಳಿಯದೆ ಬರೆದೆ ಅಂತ ನಿಮ್ಮ ಕೈಯಿಂದ ಬರೆಸಿಕೊಂಡೆನಲ್ಲ ನಾನು. ಇದಕ್ಕಿಂತ ನೀವು ಉಗಿದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನೇರ ನಿಮ್ಮ ಅಂಗಡಿಗೆ ಬಂದೆ. ನೀವು ರಸ್ತೆಗೆ ಬೆನ್ನು ಮಾಡಿ ಕೂತಿದ್ದಿರಿ. ಉಸ್ತಾದ್ ಅಂತ ಒಂದು ಸಲ ಕರೆದೆ. ನಿಮಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕರೆಯಲು ಧೈರ್ಯ ಸಾಲದೆ ಹಾವೇರಿ ಬಸ್ಸು ಹತ್ತಿದೆ. ನಾನು ಇನ್ನು ಯಾವ ಎಂಜಿನ್ನನ್ನೂ ಮುಟ್ಟುವುದಿಲ್ಲ.

ವೀರೇಂದ್ರ


ರಾಣೆಬೆನ್ನೂರು
25 ಮಾರ್ಚ್ 2004

ವೀರೇಂದ್ರ,

ಶಾರದವ್ವನಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಅವಳು ಅಂಗಡಿಯ ಕಟ್ಟೆಯ ಮೇಲೆ ಕೂತು “ಖರೇ ಹೇಳ್ರಿ” ಅಂದಳು, ಹೇಳಿದೆ. ನಿನಗೆ ಹೇಳಬೇಡಿ ಅಂತ ಬೇಡಿಕೊಂಡಿದ್ದೆ. ನಾನು ದಡ್ಡ ಅಂತಾದರೆ ಏನಾಗುತ್ತದೆ? ನಾಲ್ಕು ಜನ ಗಾಡಿ ತರುವುದು ಬಿಡುತ್ತಾರೆ, ಹೇಗೂ ಕಿವಿ ಹೋದವನ ಹತ್ತಿರ ಯಾರು ತರುತ್ತಾರೆ. ಆದರೆ ನಿನಗೆ ನಿಜ ಗೊತ್ತಾದರೆ ನೀನು ಮತ್ತೆ ಪಾನಾ, ಸ್ಪ್ಯಾನರು ಹಿಡಿಯುವುದಿಲ್ಲ ಅಂತ ಗೊತ್ತಿತ್ತು. ಈಗ ಹಾಗೆಯೇ ಆಯಿತು.

ಆದರೆ ನನ್ನನ್ನು ದೊಡ್ಡ ಮನುಷ್ಯ ಅಂತ ತಿಳಿಯಬೇಡ. ಆ ಫೆಬ್ರವರಿಯ ಕಾಗದವನ್ನು ಹಲ್ಲು ಕಚ್ಚಿ ಬರೆದೆ. ನಾನು ಎಂದಾದರೂ ಕೈ ಇಟ್ಟು ನೋಡದ ಗಾಡಿಯನ್ನು ರಸ್ತೆಗೆ ಬಿಟ್ಟಿದ್ದೇನೆಯೇ? ಕಣ್ಣಿಂದ ಕಾಣದ ಎಂಜಿನ್ನನ್ನು, ಒಳಗೆ ಮನುಷ್ಯ ಕೂತು ಆಕಾಶಕ್ಕೆ ಹೋಗುವುದನ್ನು, ಹಾರಿಸು ಅಂತ ಒಂದು ಕಾರ್ಡಿನಲ್ಲಿ ಬರೆಯುವವನೇ ನಾನು? ಇದು ನಿನಗೆ ಹೊಳೆಯಲಿಲ್ಲವಲ್ಲ. ಈ ಸಿಟ್ಟು ನನಗೆ ಹೋಗಿಲ್ಲ. ಹೋಗುತ್ತದೆ ಅಂತ ಸುಳ್ಳು ಬರೆಯುವುದಿಲ್ಲ.

ನನ್ನ ಮೇಲಿನ ಸಿಟ್ಟೂ ಹೋಗಿಲ್ಲ. ಇನ್ನೊಂದು ಕಾರ್ಡು ಕೊಂಡು ‘ಹಾರಿಸಬೇಡ’ ಅಂತ ಬರೆಯಬಹುದಿತ್ತು. ಖಾರದ ಘಾಟಿಗೆ ಕಣ್ಣು ತೆರೆಯಲಾಗುತ್ತಿರಲಿಲ್ಲ, ಕಂಡಕ್ಟರ್ ಸೀಟಿ ಊದುತ್ತಿದ್ದ, ಹುಡುಗನಿಗೆ ತಿಳಿಯುತ್ತದೆ ಅಂದುಕೊಂಡೆ. ಬಾಯಿಂದ ಹೇಳಿದ್ದರೆ “ಬಿಡೋ ಅದನ್ನ, ಮಣ್ಣಾಗ ಹಾಕು” ಅನ್ನುತ್ತಿದ್ದೆ. ಶಾಲೆಯ ಭಾಷೆಯಲ್ಲಿ ಬರೆದೆ, ಮಣ್ಣಿಗೆ ಹೋದವನು ರುದ್ರಮುನಿ.

ನೀನು ಅಂಗಡಿಗೆ ಬಂದದ್ದನ್ನು ಬರೆದಿದ್ದೀಯ. ಒಂದು ಸಲ ಕರೆದೆ ಅಂತ ಬರೆದಿದ್ದೀಯ. ಒಂದಲ್ಲ, ಎರಡು ಸಲ ಕರೆದೆ. ಎರಡನೆಯದನ್ನು ಯಾಕೆ ಮುಚ್ಚಿಟ್ಟೆ ಅಂತಲೂ ಗೊತ್ತು. ಒಂದೇ ಸಲ ಅಂದರೆ ನನ್ನ ಕಿವಿಯ ಮೇಲೆ ಹಾಕಿ ಸುಮ್ಮನಾಗಬಹುದು.

ಎರಡೂ ನನಗೆ ಕೇಳಿಸಿದವು. ಹನ್ನೆರಡು ವರ್ಷ ಕೇಳಿದ ದನಿ, ಎಷ್ಟು ಕಿವುಡಾದರೂ ಅದು ಕೇಳಿಸುತ್ತದೆ. ತಿರುಗಲಿಲ್ಲ. ತಿರುಗಿದರೆ ನಿನ್ನನ್ನು ಅಪ್ಪಿಕೊಳ್ಳುತ್ತೇನೋ ಹೊಡೆಯುತ್ತೇನೋ ನನಗೇ ತಿಳಿಯಲಿಲ್ಲ. ನೀನು ಹೋದೆ ಅಂತ ಪಕ್ಕದ ಪಂಕ್ಚರ್ ಅಂಗಡಿಯವನು ಬಂದು ಭುಜ ತಟ್ಟಿ ಹೇಳುವವರೆಗೂ ಕೈಯಲ್ಲಿದ್ದ ಕಾರ್ಬುರೇಟರನ್ನು ಒರೆಸುತ್ತ ಕೂತೆ.

ಜಹಾಂಗೀರ